ಮೂರನೇ ಮಹಡಿಯ ಗುಂಡಿ

"ಬೇಡ ಅಂದ್ಮೇಲೆ ಬೇಡ. ಅಮ್ಮ ಎಲ್ಲಿಗೂ ಹೋಗಲ್ಲ" ಎಂದು ಬೆಳಿಗ್ಗೆ ತಾನು ಹೇಳಿದ ಮಾತನ್ನು ಅವನು ಸಾಮಾನು ಸಾಗಿಸುವ ಲಿಫ್ಟಿನೊಳಗೆ ನಿಂತು ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿ ನೋಡಿದ. ಪರವಾಗಿಲ್ಲ, ಮನೆಯ ಯಜಮಾನ ಆಡಿದ ಮಾತಿನ ಹಾಗೇ ಇತ್ತು. ಈ ಯಜಮಾನನನ್ನು ಈಗಷ್ಟೇ ಮುಂಬಾಗಿಲ ಕಾವಲುಗಾರ ಹಿಂಬಾಗಿಲಿಗೆ ಅಟ್ಟಿದ್ದ. ಕಟ್ಟಡದ ಕಂಟ್ರೋಲರ್ ಬದಲಾಯಿಸಲು ಬಂದವನು ತಾನು ಎಂದು ಇವನು ಗಂಟಲು ಸರಿಮಾಡಿಕೊಂಡು ಹೇಳಿದರೂ "ಎಸಿ ರಿಪೇರಿಯವರೆಲ್ಲ ಹಿಂದಿನಿಂದ ಹೋಗ್ರೀ" ಎಂದು ಅವನು ಮುಖ ತಿರುಗಿಸಿದ್ದ. ಹೋಗಲಿ ಬಿಡು, ಕಾಲು ಮುರಿದ ಕುರ್ಚಿಯ ಜೊತೆ ಲಿಫ್ಟಿನಲ್ಲಿ ಮೇಲೇರಿದರೆ ಮಾನವೇನೂ ಹೋಗುವುದಿಲ್ಲ. ಮಾನ ಮನೆಯಲ್ಲಿ ಭದ್ರವಾಗಿತ್ತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ್ದಳಲ್ಲ: "ನಿಮ್ಮ ತಂಗಿ ಫೋನ್ ಮಾಡಿದ್ಲು. ಮಧ್ಯಾಹ್ನ ಅವಳ ಗಂಡ ಕಾರು ತಗೊಂಡು ಬರ್ತಾರಂತೆ. ಅತ್ತೆ ಇನ್ಮೇಲೆ ಅಲ್ಲೇ ಹೋಗಿ ಇರೋದಾ, ಇಲ್ಲೇ ಇರೋದಾ, ನೀವೇ ಹೇಳ್ಬಿಡಿ." ಇವನು ಹೇಳಿದ. ಹೆಂಡತಿ "ಆಯ್ತು ಬಿಡಿ, ನೀವು ಹೇಳಿದ್ಮೇಲೆ ಮುಗೀತು" ಎಂದಳು. ಹಾಲಿನ ಮೂಲೆಯಲ್ಲಿ ಪರದೆಯ ಆಚೆ ಮಂಚದ ಮೇಲೆ ಕುಳಿತಿದ್ದ ಅಮ್ಮನೂ ತಲೆಯಾಡಿಸಿದಳು. ಎಲ್ಲರೂ ಎಷ್ಟು ಬೇಗ ಒಪ್ಪಿಬಿಟ್ಟರು! ಆಮೇಲೆ ಶೂ ಲೇಸು ಕಟ್ಟಲು ಬಗ್ಗಿದಾಗ ಬಾಗಿಲ ಹಿಂದೆ ಅಮ್ಮನ ಚೀಲ ಕಂಡಿತು. ಜಿಪ್ಪು ಕಿತ್ತು ಬರುವಷ್ಟು ತುಂಬಿತ್ತು, ಮೇಲೆ ದಿಂಬನ್ನು ದಾರದಿಂದ ಬಿಗಿದಿದ್ದರು. ಅವನು ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಎರಡನೇ ಸಲವೂ ಚೀಲ ಅಲ್ಲೇ ಇತ್ತು. ಕೆಲಸಕ್ಕೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟ.

ಗಾಳಿಯಂತ್ರದ ಕೋಣೆ ಮೂರನೇ ಮಹಡಿಯ ಹಿಂಭಾಗದಲ್ಲಿತ್ತು. ಕಿಟಕಿಯಿಲ್ಲ, ಒಂದು ಬಲ್ಬು, ನೆಲದ ಮೇಲೆ ಯಾರೋ ಮರೆತ ಪೊರಕೆ. ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದರೆ ಹಳೆಯ ಕಂಟ್ರೋಲರ್, ಕೈಯಗಲದ ಬೂದು ಡಬ್ಬಿ, ಒಂದು ದೀಪವೂ ಉರಿಯದೆ ಕುಳಿತಿತ್ತು. ಈ ಮಹಡಿಗೆ ಎಷ್ಟು ತಂಪು, ಎಷ್ಟು ಗಾಳಿ ಎಂದು ತೀರ್ಮಾನಿಸುತ್ತಿದ್ದ ಮಿದುಳು ಅದು. ಮೊನ್ನೆಯ ಸಿಡಿಲಿಗೆ ಸುಟ್ಟುಹೋಗಿತ್ತು. ಅಂದಿನಿಂದ ಕಟ್ಟಡದ ಮೇಲ್ವಿಚಾರಕ ತಾನೇ ಬಂದು ಕೈಯಿಂದ ಫ್ಯಾನು ಹಾಕಿ ಆರಿಸಿ ಮಾಡುತ್ತಿದ್ದನಂತೆ. "ಬೇಗ ಮುಗಿಸಿಬಿಡಿ ಮಾರಾಯ್ರೆ, ಮೂರನೇ ಮಹಡಿಯವರು ನನ್ನ ಜೀವ ತಿಂತಿದಾರೆ" ಎಂದು ಆ ಮೇಲ್ವಿಚಾರಕ, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಉಬ್ಬಸದ ಮನುಷ್ಯ, ಡ್ರಾಯಿಂಗಿನ ಹಾಳೆಯನ್ನು ಕೈಗೆ ತುರುಕಿ ಹೋದ. ಒಂಟಿಯಾಗಿ ಉಳಿದ ಕೂಡಲೇ ಇವನಿಗೆ ಉಸಿರು ಸಲೀಸಾಯಿತು. ಇಲ್ಲಿ ಯಾರೂ ನೀವೇ ಹೇಳಿ ಎನ್ನುವುದಿಲ್ಲ. ಕರೆಂಟು ತೆಗೆದ, ತೆಗೆದದ್ದು ನಿಜವೇ ಎಂದು ಮೀಟರಿನಿಂದ ಮುಟ್ಟಿ ನೋಡಿದ, ಒಂದೊಂದು ತಂತಿಗೂ ಚಿಕ್ಕ ನಂಬರು ಪಟ್ಟಿ ತೊಡಿಸುತ್ತ ಹೋದ. ಬಿಸಿಲಿನ ಹೊತ್ತಿಗೆ ಕಾರು ಬರುತ್ತದೆ ಎಂಬುದು ಗೊತ್ತಿತ್ತು. ತಂಗಿಗೆ ಒಂದು ಫೋನು ಮಾಡಿ, ಬರಬೇಡಿ, ಅಮ್ಮ ಇಲ್ಲೇ ಇರುತ್ತಾಳೆ ಎಂದರೆ ಮುಗಿಯಿತು. ಆದರೆ ಪೆಟ್ಟಿಗೆ ಬಿಚ್ಚಿಟ್ಟು ಫೋನಿನಲ್ಲಿ ಮಾತಾಡುವುದು ಒಳ್ಳೆಯ ಕೆಲಸಗಾರನ ಲಕ್ಷಣವಲ್ಲ ನೋಡಿ. ಪೆಟ್ಟಿಗೆ ಬಿಚ್ಚುವ ಮೊದಲು ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲು ಅಲ್ಲಿ ಪೊರಕೆ ಬಿಟ್ಟರೆ ಯಾರೂ ಇರಲಿಲ್ಲ.

ಕೆಲಸದ ಜಾಗದಲ್ಲಿ ತಾಯಂದಿರ ವಿಷಯ ಬಂದರೆ ಇವನ ಎದೆ ಉಬ್ಬುತ್ತಿತ್ತು. "ಅಮ್ಮ ನಮ್ಮ ಜೊತೇಲೇ ಇದಾರೆ" ಎಂದು ಹೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದ, ಕೇಳಿದವರಿಗೆ ಮೆಚ್ಚಿಕೊಳ್ಳಲು ಪುರಸೊತ್ತು ಬೇಕಲ್ಲ. ಜೊತೆಯಲ್ಲಿರುವುದು ಎಂದರೆ ಏನು ಎಂದು ಯಾರೂ ವಿವರ ಕೇಳುತ್ತಿರಲಿಲ್ಲ, ಪುಣ್ಯ. ನಸುಕಿನಲ್ಲಿ ಪರದೆಯ ಆಚೆಯಿಂದ ಕೆಮ್ಮು ಶುರುವಾಗುತ್ತದೆ, ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ, ಆ ನಡುವಿನ ಮೌನದಲ್ಲಿ ಇವನು ಹಲ್ಲು ಕಚ್ಚಿ ಮುಂದಿನ ಕೆಮ್ಮಿಗೆ ಕಾಯುತ್ತಾನೆ. ಟಿವಿಯ ಸದ್ದು ಪಕ್ಕದ ಮನೆಗೆ ಕೇಳಿಸುತ್ತದೆ. ಪಾತ್ರೆಯ ಮುಚ್ಚಳ ಒಂದೂ ಅದರದರ ಪಾತ್ರೆಯ ಮೇಲಿರುವುದಿಲ್ಲ, ಹೆಂಡತಿ ತುಟಿ ಬಿಗಿಹಿಡಿದು ಒಂದೊಂದನ್ನೇ ಬದಲಾಯಿಸುತ್ತಾಳೆ, ಅಮ್ಮ ಅದನ್ನು ನೋಡುತ್ತ ಕೂರುತ್ತಾಳೆ. ಜಗಳ? ಛೆ, ಜಗಳವಾಗಿದ್ದರೆ ಒಂದು ದಿಕ್ಕಾದರೂ ಇರುತ್ತಿತ್ತು. ಕಳೆದ ವಾರ ಅಮ್ಮ ಮಲಗುವ ಮುನ್ನ, ಎಂದಿನಂತೆ, "ಬಾಗಿಲು ಹಾಕಿದ್ಯೇನೋ?" ಎಂದಾಗ "ಹಾಕಿದೀನಿ, ಹಾಕಿದೀನಿ, ಹಾಕಿದೀನಿ!" ಎಂದು ಕಿರುಚಿದ್ದು ಹೆಂಡತಿಯಲ್ಲ, ಇವನೇ. ಆಗ ಹೆಂಡತಿ ಕೂಡ ಒಳಗಿನಿಂದ ಬಂದು ಇವನ ಮುಖ ನೋಡಿದ್ದಳು. ಈ ಸಂಗತಿಯನ್ನು ಅವನು ಆವತ್ತೇ ಒಳಗೆಲ್ಲೋ ತುರುಕಿ ಮುಚ್ಚಿದ್ದ. ಈಗ ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ಚುಚ್ಚಿದಾಗ ತಾನಾಗಿಯೇ ಹೊರಬಂತು. ಹಳೆಯ ಡಬ್ಬಿಯನ್ನು ಹಳಿಯಿಂದ ಕಳಚಿ ನೆಲಕ್ಕಿಟ್ಟ, ಹೊಸದನ್ನು ಕಟಕ್ಕನೆ ಕೂರಿಸಿದ. ಕರೆಂಟಿನ ಎರಡು ತಂತಿ ಹಾಕುವಾಗ ಇನ್ನೇನು ಅದಲುಬದಲು ಮಾಡಿಬಿಡುತ್ತಿದ್ದ. ಹಾಗಾಗಿದ್ದರೆ ಹೊಸ ಡಬ್ಬಿಯೂ ಹೊಗೆಯಾಡಿ ಹೋಗುತ್ತಿತ್ತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಧಾನವಾಗಿ ಸರಿಮಾಡಿದ.

ತಂತಿಗಳೆಲ್ಲ ತಂತಮ್ಮ ಮನೆ ಸೇರಿದ ಮೇಲೆ ಎರಡು ಉಳಿದವು. ಉಳಿದವು ಎನ್ನುವುದಕ್ಕಿಂತ ಅಡಗಿದ್ದವು ಎನ್ನಬೇಕು: ತಂತಿ ಹಾಯುವ ಪ್ಲಾಸ್ಟಿಕ್ ಕಾಲುವೆಯ ಹಿಂದೆ ಮಡಚಿ, ತುದಿಗೆ ಟೇಪು ಸುತ್ತಿ, ಮೇಲೊಂದು ಕಟ್ಟು ಹಾಕಿ, ಯಾರೋ ಬಹಳ ಮುತುವರ್ಜಿಯಿಂದ ಬಚ್ಚಿಟ್ಟಿದ್ದರು. ತಂತಿಯ ಕೊರಳಲ್ಲಿ ಮಾಸಿದ ಪಟ್ಟಿ. ಡ್ರಾಯಿಂಗು ನೋಡಿದ. ಮೂರನೇ ಮಹಡಿಯ ಹಾಲಿನ ಗೋಡೆಯ ಗುಂಡಿ, ಅಂದರೆ ಜನ ತಿರುಗಿಸಿ ನಮಗೆ ಇಷ್ಟು ತಂಪು ಬೇಕು ಎಂದು ಹೇಳುವ ಆ ಬಿಳಿಯ ಡಬ್ಬಿಯ ತಂತಿ ಅದು. ಟೇಪು ಗಟ್ಟಿಯಾಗಿ ಬಿರುಕುಬಿಟ್ಟಿತ್ತು, ನಿನ್ನೆ ಮೊನ್ನೆಯದಲ್ಲ. ಎಲಾ ಇವರ! ಅಲ್ಲಿ ಜನ ವರ್ಷಗಟ್ಟಲೆ ಎದ್ದು ಬಂದು ಗುಂಡಿ ತಿರುಗಿಸಿದ್ದಾರೆ, ಇನ್ನೊಬ್ಬರು ಅದನ್ನು ಹಿಂದಕ್ಕೆ ತಿರುಗಿಸಿದ್ದಾರೆ, ಮುನಿಸಿಕೊಂಡಿದ್ದಾರೆ, ರಾಜಿಯಾಗಿದ್ದಾರೆ, ಇಲ್ಲಿ ಆ ತಿರುಗಿಸಿದ್ದೆಲ್ಲ ಟೇಪಿನ ಒಳಗೆ ಬಂದು ಸತ್ತಿದೆ. ಅವನು ನಗಲು ಶುರುಮಾಡಿದ. ಒಬ್ಬನೇ ನಕ್ಕ ನಗು ಕಿಟಕಿಯಿಲ್ಲದ ಕೋಣೆಯಲ್ಲಿ ಕೆಟ್ಟದಾಗಿ ಕೇಳಿಸಿತು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಬೆಳಿಗ್ಗೆ ಎಲ್ಲರೂ ತಲೆಯಾಡಿಸಿದ್ದು ನೆನಪಾಯಿತು. ಸೋಫಾ ಯಾವ ಬಣ್ಣ, ನೀವೇ ಹೇಳಿ ಎಂದಿದ್ದರು, ನೀಲಿ ಎಂದಿದ್ದ, ಮನೆಗೆ ಬಂದದ್ದು ಕಂದು, ಅಂಗಡಿಯಲ್ಲಿ ನೀಲಿ ಇರಲಿಲ್ಲವಂತೆ. ಮಗಳಿಗೆ ಯಾವ ಕಾಲೇಜು ಎಂದು ಇವನು ಎರಡು ದಿನ ಯೋಚಿಸಿ ಹೇಳಿದ. ಅವಳು ಆ ವೇಳೆಗೆ ಇನ್ನೊಂದಕ್ಕೆ ಹೋಗಿ ಸೀಟು ಹಿಡಿದು ಬಂದಿದ್ದಳು, "ಅಪ್ಪ, ನೀವು ಹೇಳಿದ್ದೂ ಚೆನ್ನಾಗೇ ಇತ್ತು" ಎಂದಳು. ಇಷ್ಟು ವರ್ಷ ತಾನು ತಿರುಗಿಸಿದ್ದೆಲ್ಲ ಯಾವ ಟೇಪಿನೊಳಗೆ ಹೋಗುತ್ತಿತ್ತು?

ಆ ಸಿಟ್ಟಿನಲ್ಲೇ ಅವನು ಮೇಲ್ವಿಚಾರಕನಿಗೆ ಫೋನು ಮಾಡಿದ. "ಡ್ರಾಯಿಂಗಲ್ಲಿ ಇದ್ರೆ ಹಾಕ್ಬಿಡ್ರೀ, ನನ್ನನ್ನೇನು ಕೇಳ್ತೀರಿ" ಎಂದ ಅವನು. ಇವನು ಟೇಪು ಕಿತ್ತ. ತುದಿ ಕತ್ತರಿಸಿ ಹೊಸ ತಾಮ್ರ ತೆಗೆದ, ಕಂಟ್ರೋಲರಿನ ಬಾಯಿಗೆ ತೂರಿಸಿ ಸ್ಕ್ರೂ ಬಿಗಿದ. ಕೈ ಎಷ್ಟು ಉತ್ಸಾಹದಲ್ಲಿತ್ತೆಂದರೆ ಲೋಕದ ಅನ್ಯಾಯವೊಂದು ಇವನಿಂದ ನೀಗುತ್ತಿದೆ ಎಂದು ಯಾರಾದರೂ ತಿಳಿಯಬೇಕು. ಇಲ್ಲಿಯಾದರೂ ಒಬ್ಬರ ಮಾತು ನಡೆಯಲಿ! ಕರೆಂಟು ಕೊಟ್ಟ, ದೀಪ ಮಿಣುಕಿತು, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಂಕಿ ಕಣ್ಣುಬಿಟ್ಟಿತು. ಫ್ಯಾನು ತಿರುಗಿತು, ನೀರಿನ ಕವಾಟ ತೆರೆದು ಮುಚ್ಚಿತು, ಎಲ್ಲ ಹೇಳಿದ ಹಾಗೆ ಕೇಳಿದವು. ಗೋಡೆಯ ಗುಂಡಿಯ ಮುಂದೆ ಮಾತ್ರ ಹದಿನಾರು ಡಿಗ್ರಿ ಎಂದು ಬಂತು, ಗುಂಡಿ ತಿರುಗುವಷ್ಟೂ ತಂಪಿನ ಕಡೆ ತಿರುಗಿ ನಿಂತಿತ್ತು. ಇವನು ಅದನ್ನು ಗಮನಿಸದೆ ಇರಲಿಲ್ಲ. ಆದರೆ ಅವರು ಕೇಳಿದ್ದು ಅದೇ ತಾನೇ, ಕೊಡೋಣ ಎಂದುಕೊಂಡ. ಕವಾಟ ಪೂರ್ತಿ ಬಾಯಿ ತೆರೆಯಿತು, ಗಾಳಿಯ ಕೊಳವೆಯಲ್ಲಿ ದೊಡ್ಡ ಸದ್ದೆದ್ದಿತು. ಆಗಲೇ ಊಟದ ಹೊತ್ತು ಮೀರಿತ್ತು, ಫೋನು ಜೇಬಿನಲ್ಲಿ ಸುಮ್ಮನಿತ್ತು. ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ಹಾಲಿಗೆ ಹೋಗಿ ಗುಂಡಿ ಪರೀಕ್ಷಿಸುವುದು ಇನ್ನೂ ಬಾಕಿ ಇತ್ತು, ಅದನ್ನು ಮುಗಿಸದೆ ಬೇರೆ ಏನನ್ನೂ ಮಾಡಲಿಕ್ಕಾಗುವುದಿಲ್ಲವಲ್ಲ.

ಗುಂಡಿಯ ಕೆಳಗಿನ ಮೇಜಿನಲ್ಲಿ ಕುಳಿತ ಹೆಂಗಸನ್ನು ಹಾಲಿನವರೆಲ್ಲ ಗುಂಡಿ ಮೇಡಂ ಎನ್ನುತ್ತಿದ್ದರು. ಬಿಲ್ಲುಗಳನ್ನು ನೋಡುವುದು ಅವರ ಉದ್ಯೋಗ, ತಂಪು ಹಂಚುವುದು ಪದವಿ. ಇವನು ಒಳಗೆ ಬಂದಾಗ ಬೆವರು ಸುರಿಸುತ್ತ ಹೊರಗಿನಿಂದ ಬಂದ ಒಬ್ಬ ದಢೂತಿ ಮನುಷ್ಯ ಅವರ ಮೇಜಿಗೆ ಒರಗಿ "ಮೇಡಂ, ಸ್ವಲ್ಪ ಕರುಣೆ ತೋರಿಸಿ" ಎನ್ನುತ್ತಿದ್ದ. ಮೇಡಂ ಕೆಲಸ ಬಿಟ್ಟು ಎದ್ದರು, ಕನ್ನಡಕ ಮೇಲೇರಿಸಿದರು, ಗುಂಡಿಯನ್ನು ಒಂಚೂರು ಹಿಂದೆ, ಒಂಚೂರು ಮುಂದೆ ಆಡಿಸಿ ಮತ್ತೆ ಕೊನೆಗೇ ತಂದು ನಿಲ್ಲಿಸಿದರು. ಆತ ಮುಖವನ್ನು ಮೇಲೆತ್ತಿ "ಆಹಾ, ಈಗ ಬಂತು ನೋಡಿ" ಎಂದ. ನಿಜಕ್ಕೂ ಬಂತು, ಯಂತ್ರದ ಕೋಣೆಯಿಂದ ಹೊರಟ ಗಾಳಿ ಹಾಲಿಗೆ ತಲುಪಿದ್ದು ಆಗಲೇ. ಮೇಲಿನ ಜಾಲರಿಯಿಂದ ಗಾಳಿ ಧೋ ಎಂದು ಸುರಿಯಿತು, ಮೇಜಿನ ಮೇಲಿನ ಹಾಳೆಗಳು ಎದ್ದು ಹಾರಿದವು, ಎದುರು ಸಾಲಿನಲ್ಲಿ ಶಾಲು ಹೊದ್ದ ಹುಡುಗಿ "ಅಯ್ಯೋ!" ಎಂದು ಕೂಗಿದಳು. ಇನ್ನಾರೋ "ಇದೇನು ಆಫೀಸಾ, ಐಸಿನ ಪೆಟ್ಟಿಗೇನಾ?" ಎಂದರು. "ಇಷ್ಟು ದಿನ ಮೇಡಂ ನಿಮ್ಮ ಮಾತು ಕೇಳಿ ಕೇಳಿ ನಮಗೆ ಶೀತ ಆಗ್ತಿದ್ದಿದ್ದು ಇದಕ್ಕೇನೆ!" ಎಂದು ಶಾಲಿನವಳು ದಢೂತಿಯ ಮೇಲೆ ಹರಿಹಾಯ್ದಳು. ಇಷ್ಟು ದಿನ ಅವಳಿಗೆ ಶೀತ ಮಾಡಿದ್ದು ಖಂಡಿತ ಆ ಗುಂಡಿಯಲ್ಲ, ಅದನ್ನು ಹೇಳಬಲ್ಲವನು ಇವನೊಬ್ಬನೇ. ಮೇಡಂ ಗುಂಡಿಯನ್ನು ಬಿಸಿಯ ಕಡೆ ತಿರುಗಿಸಿದರು. ಗಾಳಿ ಇಳಿಯಿತು, ದಢೂತಿ ಗೊಣಗಿದ. ಮತ್ತೆ ತಿರುಗಿಸಿದರು, ಶಾಲಿನವಳು ಎದ್ದು ನಿಂತಳು. ಮೇಡಂ ಕೈಯನ್ನು ಗುಂಡಿಯಿಂದ ಸರಕ್ಕನೆ ತೆಗೆದು ಇವನ ಟೂಲ್ ಚೀಲವನ್ನೇ ನೋಡಿದರು.

"ಏನ್ರೀ ಮಾಡಿದ್ರಿ ನೀವು?" ಮೆಟ್ಟಿಲ ಬಳಿಗೆ ಕರೆದೊಯ್ದು ಬಾಗಿಲು ಮುಚ್ಚಿ ಕೇಳಿದರು. ಇವನು ಒಳ್ಳೆಯ ಸುದ್ದಿ ತಂದವನ ಗತ್ತಿನಲ್ಲಿ ದನಿ ತಗ್ಗಿಸಿದ: "ಮೇಡಂ, ಬೇಜಾರು ಮಾಡ್ಕೋಬೇಡಿ. ಆ ಗುಂಡಿಗೆ ಇಷ್ಟು ವರ್ಷ ಸಂಪರ್ಕವೇ ಇರ್ಲಿಲ್ಲ. ಯಾರೋ ತಂತಿ ತೆಗೆದು ಟೇಪು ಸುತ್ತಿದ್ರು. ನಿಮಗೆಲ್ಲ ಮೋಸ ಆಗಿದೆ. ಈಗ ನಾನು ಹಾಕಿದೀನಿ."

"ಗೊತ್ತು ಕಣ್ರೀ."

"ಏನು?"

"ಸಂಪರ್ಕ ಇಲ್ಲ ಅಂತ ನನಗೆ ಗೊತ್ತು. ಬಂದ ಹೊಸದರಲ್ಲೇ ಗೊತ್ತಾಯ್ತು. ಒಂದಿನ ಯಾರೂ ಇಲ್ದಾಗ ಆ ಕಡೆ ಈ ಕಡೆ ತಿರುಗಿಸಿ ಕೂತು ನೋಡಿದೆ. ಏನೂ ಆಗ್ಲಿಲ್ಲ. ಎಷ್ಟು ಸಮಾಧಾನ ಆಯ್ತು ಗೊತ್ತಾ?" ಮೇಡಂ ಸೆರಗಿನಿಂದ ಕನ್ನಡಕ ಒರೆಸಿದರು. "ಅವರು ಬರ್ತಾರೆ, ಸೆಕೆ ಅಂತಾರೆ. ನಾನು ಎದ್ದೇಳ್ತೀನಿ. ಎದ್ದೆನಲ್ಲ, ಅಷ್ಟು ಸಾಕು ಅವರಿಗೆ. ಇನ್ನೊಬ್ಬಳು ಬರ್ತಾಳೆ, ಚಳಿ ಅಂತಾಳೆ. ಅವಳಿಗೂ ಎದ್ದೇಳ್ತೀನಿ. ಇಬ್ಬರೂ ನನಗೆ ಒಳ್ಳೆಯವರೇ. ಈಗ ನೀವು ಇದನ್ನ ನಿಜ ಮಾಡಿಟ್ಟರೆ, ನಾನು ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಕೆಟ್ಟವಳಾಗಬೇಕು. ದಿನಾ. ನನ್ನ ಕೈಯಲ್ಲಿ ಆಗಲ್ಲಪ್ಪ. ಮೊದಲಿದ್ದ ಹಾಗೇ ಮಾಡ್ಬಿಡಿ, ನಿಮ್ಮ ದಮ್ಮಯ್ಯ."

ಇವನಿಗೆ ಮೈ ಉರಿಯಿತು. ಸುಳ್ಳು ಗುಂಡಿ ತಿರುಗಿಸುತ್ತ ದೊಡ್ಡ ಮನುಷ್ಯಳಾಗಿ ಮೆರೆಯಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಬೇಕೆನಿಸಿತು. ಬಾಯಿ ಕೂಡ ತೆರೆದ. ಆದರೆ ಅಷ್ಟರಲ್ಲಿ ಅಮ್ಮನ ಚೀಲ ಕಣ್ಣಮುಂದೆ ಬಂತು. ಬಾಗಿಲ ಹಿಂದಿನ ಆ ಚೀಲವನ್ನು ತಾನು ಮೊದಲು ನೋಡಿದ್ದು ಇವತ್ತಲ್ಲ. ನಿನ್ನೆ ಸಂಜೆ ಹೆಂಡತಿ ಅಟ್ಟದಿಂದ ಅದನ್ನು ಇಳಿಸುವಾಗ ಸ್ಟೂಲು ಹಿಡಿದುಕೊಂಡಿದ್ದವನು ಯಾರು? "ಯಾಕೆ?" ಎಂದು ಕೇಳದೆ, ಧೂಳು ಕಣ್ಣಿಗೆ ಬೀಳದಿರಲಿ ಎಂದು ಮುಖ ತಿರುಗಿಸಿಕೊಂಡಿದ್ದವನು ಯಾರು? ಕಾರು ಬರುವುದು, ಅಮ್ಮ ಹೋಗುವುದು, ಹಾಲಿನ ಮೂಲೆ ಖಾಲಿಯಾಗುವುದು, ನಸುಕಿನಲ್ಲಿ ನಿದ್ದೆ ಮಾಡುವುದು, ಇದೆಲ್ಲ ಆಗಿಯೇ ಆಗುತ್ತದೆ ಎಂದು ಖಾತ್ರಿಯಾದ ಮೇಲೆ ತಾನೇ ಬೆಳಿಗ್ಗೆ ಅಷ್ಟು ಗಟ್ಟಿಯಾಗಿ "ಬೇಡ" ಎಂದದ್ದು? ತನ್ನ ಮಾತು ನಡೆದುಬಿಡುತ್ತದೆ ಎಂಬ ಭಯವಿದ್ದಿದ್ದರೆ ಆ ದನಿ ಬರುತ್ತಿತ್ತೇ? ಅಬ್ಬಾ, ನನ್ನ ಮಾತು ನಡೆಯುವುದಿಲ್ಲ ಎಂದು ಇಷ್ಟು ಹೊತ್ತು ಅತ್ತುಕೊಂಡ ಈ ಬಡಪಾಯಿಯ ಎಲ್ಲ ಸುಖವೂ ಅದು ನಡೆಯದೆ ಇರುವುದರಲ್ಲೇ ಇತ್ತು. "ಆಯ್ತು ಮೇಡಂ, ತೆಗೀತೀನಿ" ಎಂದ. "ದೇವರು ಒಳ್ಳೇದು ಮಾಡ್ಲಿ" ಎಂದು ಮೇಡಂ ಕನ್ನಡಕ ಹಾಕಿಕೊಂಡು ಒಳಗೆ ಹೋದರು.

ಕೋಣೆಗೆ ಮರಳಿ ಸ್ಕ್ರೂ ಸಡಿಲಿಸಿ ಎರಡೂ ತಂತಿಯನ್ನು ಹೊರಗೆಳೆದ. ಒಂದಕ್ಕೊಂದು ತಗಲದಂತೆ ಬೇರೆ ಬೇರೆ ಟೇಪು ಸುತ್ತಿದ, ಮಡಚಿದ, ಕಾಲುವೆಯ ಹಿಂದೆ ತಳ್ಳಿ ಕಟ್ಟು ಬಿಗಿದ. ಮೊದಲಿನವನಿಗಿಂತ ಅಚ್ಚುಕಟ್ಟಾಗಿ ಬಂತು. ತನ್ನ ಕೈಕೆಲಸವನ್ನು ತಾನೇ ಒಂದು ಗಳಿಗೆ ಮೆಚ್ಚಿ ನೋಡಿದ, ನಾಚಿಕೆಗೇಡಿ. ಗುಂಡಿಯ ಜಾಗಕ್ಕೆ ಯಾರಿಗೂ ತೊಂದರೆಯಾಗದ ಒಂದು ಹದದ ಅಂಕಿಯನ್ನು ಕಂಪ್ಯೂಟರಿನಲ್ಲಿ ಬರೆದು ಬೀಗ ಹಾಕಿದ. ಕೊಳವೆಯ ಸದ್ದು ಇಳಿಯಿತು. ಪೆಟ್ಟಿಗೆಯ ಬಾಗಿಲು ಮುಚ್ಚುವಾಗ ಜೇಬಿನ ಫೋನು ಅದುರಿತು. ಹೆಂಡತಿ ಇರಬಹುದು ಎಂದುಕೊಂಡ, ಆಮೇಲೆ ನೋಡೋಣ ಎಂದು ಬಿಟ್ಟ, ಅದು ನಿಂತು ಮತ್ತೆ ಅದುರಿತು. ತೆಗೆದರೆ ಅಮ್ಮ. ಅಮ್ಮನಿಗೆ ತಾನಾಗಿ ಫೋನು ಮಾಡಲು ಬರುವುದಿಲ್ಲ, ಯಾರೋ ಒತ್ತಿ ಕೊಟ್ಟಿರಬೇಕು.

"ಊಟ ಆಯ್ತೇನೋ?"

"ಇಲ್ಲಮ್ಮ. ಕೆಲಸ."

"ನಾನು ಕಾರಲ್ಲಿ ಕೂತಿದೀನಿ."

"ನಾನು ಬೇಡ ಅಂದಿದ್ದೆನಲ್ಲ!" ಎಂದ. ದನಿ ಬೆಳಿಗ್ಗೆಯ ಹಾಗೇ ಗಟ್ಟಿಯಾಗಿ ಬಂತು, ಅಭ್ಯಾಸಬಲ. "ನಾನು ಅಷ್ಟು ಹೇಳಿದ್ಮೇಲೂ ಯಾರಮ್ಮ ನಿನ್ನನ್ನ ಕಾರು ಹತ್ತಿಸಿದ್ದು?"

"ಯಾರೂ ಹತ್ತಿಸಿಲ್ಲ, ನಾನೇ ಹತ್ತಿದೆ. ಕೂಗಬೇಡ, ಕೇಳ್ಸುತ್ತೆ ನಂಗೆ. ನಿನ್ನ ಹೆಂಡತಿ ಬಾಗಿಲಲ್ಲಿ ನಿಂತು ಅಳ್ತಿದಾಳೆ, ಅವಳಿಗೇನೂ ಅನ್ನಬೇಡ." ಅಮ್ಮ ಸ್ವಲ್ಪ ಕೆಮ್ಮಿದಳು. "ಅಳಿಯಂದ್ರು ನೀರಿನ ಬಾಟ್ಲಿ ತರೋಕೆ ಒಳಗೆ ಹೋಗಿದಾರೆ. ಗಾಡಿ ಇನ್ನೂ ಶುರುವಾಗಿಲ್ಲ. ಅದಕ್ಕೇ ನಿಂಗೆ ಫೋನ್ ಮಾಡ್ಸಿದೆ. ಬೆಳಿಗ್ಗೆ ನೀನು ಎಲ್ಲರ ಮುಂದೆ ಹೇಳಿದೆ. ಅದು ಬಿಡು. ಈಗ ಯಾರೂ ಇಲ್ಲ, ನಾನೊಬ್ಬಳೇ ಇದೀನಿ. ಇಳಿಯಮ್ಮ ಅಂದ್ರೆ ಇಳಿದುಬಿಡ್ತೀನಿ. ನಿನ್ನ ಹೆಂಡತಿ ಹತ್ರ, ಅಳಿಯಂದ್ರ ಹತ್ರ, ಎಲ್ಲ ನಾನೇ ಮಾತಾಡ್ಕೋತೀನಿ. ನೀನೇನೂ ಮಾಡಬೇಕಾಗಿಲ್ಲ. ಒಂದು ಸಲ ಹೇಳು ಸಾಕು."

ಒಂದು ಸಲ ಹೇಳಬೇಕಿತ್ತು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ ಮಾತೇ, ಹೊಸದೇನೂ ಅಲ್ಲ. ಅವನು ನಾಲಗೆ ಆಡಿಸಿದ. ಅದು ಯಾರದೋ ನಾಲಗೆಯ ಹಾಗೆ ಬಾಯಿ ತುಂಬ ಬಿದ್ದುಕೊಂಡಿತ್ತು. ಈಗ ಹೇಳಿದರೆ ಆಗಿಬಿಡುತ್ತದೆ. ಅಮ್ಮ ಇಳಿಯುತ್ತಾಳೆ, ಚೀಲ ಇಳಿಯುತ್ತದೆ, ದಿಂಬು ಮತ್ತೆ ಮಂಚಕ್ಕೆ ಬರುತ್ತದೆ, ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ಮುಚ್ಚಳಗಳನ್ನು ಬದಲಾಯಿಸುತ್ತಾಳೆ, ನಾಳೆ ನಸುಕಿಗೆ ಕೆಮ್ಮು, ಮತ್ತು ಅದೆಲ್ಲಕ್ಕೂ ಇವನೊಬ್ಬನೇ ಕಾರಣ. ಪರದೆಯ ಮೂಲೆ ಖಾಲಿಯಾದರೆ ಅಲ್ಲೊಂದು ಕುರ್ಚಿ ಹಾಕಿ ಕಾಲು ಚಾಚಬಹುದು ಎಂದು ಯಾವಾಗಲೋ ಯೋಚಿಸಿದ್ದು ಈಗಲೇ ನೆನಪಾಗಬೇಕೇ, ಥೂ. ತನ್ನ ಮೇಲೆ ತನಗೆ ಅಸಹ್ಯವಾಯಿತು. ಆದರೂ ಕುರ್ಚಿ ಅಲ್ಲಿಂದ ಕದಲಲಿಲ್ಲ. ಆ ಕಡೆ ಅಮ್ಮನ ಉಸಿರು ಕೇಳಿಸುತ್ತಿತ್ತು. ಅವಳು ಅವಸರಪಡಿಸಲಿಲ್ಲ. ಕಾರಿನ ಬಾಗಿಲು ಧಡ್ಡೆಂದು ಮುಚ್ಚಿದ ಸದ್ದು, ತಂಗಿಯ ಗಂಡ "ಹೊರಡೋಣ್ವಾ ಅತ್ತೆ?" ಎಂದದ್ದು ಕೇಳಿಸಿತು.

"ಸಾಹೇಬ್ರು ಬಂದ್ರಮ್ಮ, ಆಮೇಲೆ ಮಾಡ್ತೀನಿ" ಎಂದ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಹಾಗೆ ಸುಮ್ಮನೆ ಫೋನಿಡಲು ಅವನಿಗೆ ಧೈರ್ಯ ಬರಲಿಲ್ಲ. ಮಗನಾಗಿ ಏನಾದರೂ ಒಂದು ಹೇಳಬೇಕಲ್ಲ ಎಂದು ಹುಡುಕಾಡಿ, "ಕಿಟಕಿ ಗಾಜು ಏರಿಸ್ಕೊಂಡು ಕೂತ್ಕೋ, ಗಾಳಿ ಹೊಡೆಯುತ್ತೆ" ಎಂದ.

"ಆಗ್ಲೇ ಏರ್ಸಿದೀನಿ ಕಣೋ" ಎಂದಳು ಅಮ್ಮ.